ಟೇಕ್ವಾಂಡೋ ಒದೆ, ಮುಯ್ ಥಾಯ್ ಒದೆ: ರೌಂಡ್‌ಹೌಸ್‌ನಲ್ಲಿ ನಿಜವಾದ ವ್ಯತ್ಯಾಸ ಎಲ್ಲಿದೆ?

ಪ್ರಶ್ನೆ – ಎಡಗಾಲು

ಟೇಕ್ವಾಂಡೋದಿಂದ ಕಿಕ್‌ಬಾಕ್ಸಿಂಗ್‌ಗೆ ಬಂದವರ ರೌಂಡ್‌ಹೌಸ್‌ಗೆ (ಪಕ್ಕದಿಂದ ಸುತ್ತಿ ಬರುವ ಒದೆಗೆ) ವೇಗ ಇರುತ್ತೆ, ಆದರೆ ತೂಗುಹಾಕಿದ ಹೆವಿ ಬ್ಯಾಗ್ ಅಲುಗಾಡೋದೇ ಇಲ್ಲ. ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ಎದುರಾಳಿಯ ಮೊಣಕೈಗೆ ತಗುಲಿ ಪಾದ ಊದಿಕೊಳ್ಳುತ್ತೆ. ಕೋಚ್‌ಗಳು "ಸೊಂಟ ಹಾಕು" ಅಂತಾರೆ. ಸೊಂಟ ಹಾಕೋದು ಅಂದ್ರೆ ಯಾವ ಹಂತದಲ್ಲಿ ಏನು ಮಾಡಬೇಕು? ಕರಾಟೆ, ಸವಾತ್ (ಫ್ರಾನ್ಸಿನ ಕಿಕ್‌ಬಾಕ್ಸಿಂಗ್) ಗೊತ್ತಿರೋರೂ ಹೇಳಿ.

ಉತ್ತರ – ಪ್ಯಾಡ್‌ಹೋಲ್ಡರ್

ಸೊಂಟಕ್ಕಿಂತ ಮೊದಲು ದೂರ ಸರಿಮಾಡಿ. ಟೇಕ್ವಾಂಡೋ ಸ್ಪರ್ಧೆಯಲ್ಲಿ ಸೆನ್ಸರ್ ಇರೋದು ಪಾದಕ್ಕೆ ಹಾಕುವ ಸಾಕ್ಸ್‌ನಲ್ಲಿ, ಹಾಗಾಗಿ ಅಲ್ಲಿ ಪಾದದ ಮೇಲ್ಭಾಗದಿಂದ ಹೊಡೆಯೋದೇ ಸರಿ. ಮುಯ್ ಥಾಯ್‌ನಲ್ಲಿ (ಥಾಯ್ಲೆಂಡಿನ ಕಿಕ್‌ಬಾಕ್ಸಿಂಗ್) ತಗುಲಬೇಕಾದದ್ದು ಶಿನ್, ಅಂದರೆ ಮಂಡಿಗೂ ಪಾದಕ್ಕೂ ನಡುವಿನ ಮುಂದಿನ ಮೂಳೆ. ಪಾದದ ಸಣ್ಣ ಮೂಳೆಗಳು ಮೊಣಕೈಗೆ ತಡೆಯೋದಿಲ್ಲ. ಹಳೇ ದೂರದಲ್ಲೇ ನಿಂತು ಎಷ್ಟು ಸೊಂಟ ತಿರುಗಿಸಿದರೂ ತಗುಲೋದು ಪಾದವೇ. ಸುಮಾರು ಒಂದು ಪಾದದಷ್ಟು ಒಳಗೆ ಬನ್ನಿ.

ಬಲಗಾಲಿನ ಒದೆಗೆ ಎಡಗಾಲನ್ನು ನೇರ ಮುಂದಕ್ಕಲ್ಲ, ಸುಮಾರು 45 ಡಿಗ್ರಿ ಎಡಕ್ಕೆ ಇಡಿ, ಬೆರಳುಗಳು ಹೊರಕ್ಕೆ ತಿರುಗಿರಲಿ. ಹಿಮ್ಮಡಿ ಎತ್ತಿ, ಬೆರಳುಗಳ ಬುಡದ ಮೇಲೆ ತಿರುಗಿ. ಮಂಡಿಯನ್ನು ಪೂರ್ತಿ ಮಡಚಬೇಡಿ. ಬಲಗೈ ತೊಡೆಯ ಪಕ್ಕ ಹಿಂದಕ್ಕೆ ಬೀಸಲಿ, ಎಡಗೈ ಗಲ್ಲ ಬಿಡಬಾರದು. ಶಿನ್ ತಗುಲುವ ಹೊತ್ತಿಗೆ ಬಲ ಸೊಂಟ ಎಡ ಸೊಂಟವನ್ನು ದಾಟಿ ಮುಂದೆ ಹೋಗಿರಬೇಕು. "ಸೊಂಟ ಹಾಕು" ಅಂದರೆ ಇಷ್ಟೇ.

ಗಾಳಿಯಲ್ಲಿ ಒದ್ದು ಪರೀಕ್ಷಿಸಿ. ತಡೆಯೋಕೆ ಏನೂ ಇಲ್ಲದಿದ್ದಾಗ ಮೈ ಪೂರ್ತಿ ಒಂದು ಸುತ್ತು ತಿರುಗಿದರೆ ಸೊಂಟ ಬಂದಿದೆ. ಕಾಲು ಮಂಡಿಯಿಂದ ಚಿಮ್ಮಿ ಅದೇ ದಾರಿಯಲ್ಲಿ ವಾಪಸ್ ಬಂದರೆ ಅದು ಇನ್ನೂ ಟೇಕ್ವಾಂಡೋ ಒದೆ. ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿದ್ದರೆ ತಿರುಚುವ ಬಲವೆಲ್ಲ ಊರಿದ ಕಾಲಿನ ಮಂಡಿಗೆ ಹೋಗುತ್ತೆ. ಈ ತಪ್ಪನ್ನು ಮೊದಲ ವಾರದಲ್ಲೇ ತಿದ್ದಲೇಬೇಕು.

ಉತ್ತರ – ಲೋಕಿಕ್

ತಡೆಯೋದನ್ನೂ ಕಲೀರಿ. ಟೇಕ್ವಾಂಡೋದಲ್ಲಿ ಸೊಂಟದ ಕೆಳಗೆ ಒದೆಯುವಂತಿಲ್ಲ, ಅದಕ್ಕೇ ಪಕ್ಕಕ್ಕೆ ತಿರುಗಿ ನಿಲ್ಲೋದು ಅಲ್ಲಿ ನಡೆಯುತ್ತೆ. ಕಿಕ್‌ಬಾಕ್ಸಿಂಗ್‌ನಲ್ಲಿ ಹಾಗೆ ನಿಂತರೆ ಮುಂಗಾಲಿನ ಹೊರತೊಡೆ, ಮೀನಖಂಡ ಎರಡೂ ಬಯಲು. ಎದೆ ಸ್ವಲ್ಪ ಎದುರಿಗೆ ತಿರುಗಿಸಿ, ಮುಂಗಾಲಿನ ಮೇಲೆ ಭಾರ ಕಡಿಮೆ ಇಟ್ಟುಕೊಳ್ಳಿ. ಒದೆ ಬಂದಾಗ ಮಂಡಿ ಎತ್ತಿ ಶಿನ್ ಹೊರಕ್ಕೆ ತಿರುಗಿಸಿ, ಮೊಣಕೈ ಮಂಡಿಯ ಹತ್ತಿರ ಇರಲಿ, ನಡುವೆ ಪಕ್ಕೆಗೆ ದಾರಿ ಬಿಡಬೇಡಿ.

ಒದೆಯುವವರಿಗೂ ಅಪಾಯ ಇದೆ. 2013ರ ಡಿಸೆಂಬರ್‌ನಲ್ಲಿ ಯುಎಫ್‌ಸಿ 168 ಎಂಬ ಮಿಶ್ರ ಸಮರಕಲೆ (ಎಂಎಂಎ) ಪಂದ್ಯಕೂಟದಲ್ಲಿ ಕ್ರಿಸ್ ವೈಡ್‌ಮನ್ ಎತ್ತಿದ ಕಾಲಿಗೆ ಒದ್ದು ಆಂಡರ್ಸನ್ ಸಿಲ್ವಾ ಕಾಲು ಮುರಿದುಕೊಂಡರು. 2021ರಲ್ಲಿ ಯೂರಾಯಾ ಹಾಲ್‌ಗೆ ಒದ್ದಾಗ ವೈಡ್‌ಮನ್‌ಗೂ ಅದೇ ಆಯಿತು. ಶಿನ್‌ನ ತೆಳ್ಳಗಿನ ಕೆಳಭಾಗ ಎದುರಾಳಿಯ ಮಂಡಿಯ ಹತ್ತಿರದ ಗಟ್ಟಿ ಜಾಗಕ್ಕೆ ಬಡಿದರೆ ಮುರಿಯೋದು ಒದ್ದವರ ಕಾಲೇ. ಹಾಗಾಗಿ ಲೋ ಕಿಕ್ (ಕಾಲಿಗೆ ಹೊಡೆಯುವ ಒದೆ) ಒಂಟಿಯಾಗಿ ಬಿಡಬೇಡಿ. ಮುಖಕ್ಕೆ ಎರಡು ಪಂಚ್ ಕೊಟ್ಟು ಎದುರಾಳಿಯ ಭಾರ ಮುಂಗಾಲಿಗೆ ಬಂದ ಮೇಲೆ, ಮಂಡಿಗಿಂತ ಒಂದು ಗೇಣು ಮೇಲೆ ತೊಡೆಗೆ ಹೊಡೆಯಿರಿ.

ಉತ್ತರ – ಮಾವಾಶಿ

ಮಂಡಿ ಮಡಚುವ ಅಭ್ಯಾಸವನ್ನು ಪೂರ್ತಿ ಬಿಡಬೇಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸವಾತ್‌ನಲ್ಲಿ ಬೂಟು ಹಾಕಿರ್ತಾರೆ, ಶಿನ್‌ನಿಂದ ಹೊಡೆಯುವಂತಿಲ್ಲ. ಅಲ್ಲಿನ ಫುಯೆತೆ ಅನ್ನೋ ಒದೆ ನಿಮ್ಮ ಟೇಕ್ವಾಂಡೋ ಒದೆಗೆ ತುಂಬಾ ಹತ್ತಿರ. ಕ್ಯೋಕುಶಿನ್ ಕರಾಟೆಯಲ್ಲಿ ಮುಖಕ್ಕೆ ಪಂಚ್ ಇಲ್ಲ, ಎದೆಗೆ ಎದೆ ಕೊಟ್ಟು ನಿಲ್ತಾರೆ; ಅದಕ್ಕೇ ಲೋ ಕಿಕ್ ಮೇಲಿನಿಂದ ಕೆಳಕ್ಕೆ ಕಡಿದ ಹಾಗೆ ಬರುತ್ತೆ. ಸಾಂಡಾದಲ್ಲಿ (ಚೀನಾದ ಕಿಕ್‌ಬಾಕ್ಸಿಂಗ್) ಕಾಲು ಹಿಡಿದು ಕೆಡವಿದರೆ ಪಾಯಿಂಟ್, ಒದ್ದ ಕಾಲು ಬೇಗ ವಾಪಸ್ ಬರದಿದ್ದರೆ ಕಷ್ಟ.

ಮುಂಗಾಲಿನ ಒದೆಗೂ ತಲೆಯ ಒದೆಗೂ ಹಳೇ ಮಡಚು ಇಟ್ಟುಕೊಳ್ಳಿ: ಮಂಡಿ ಮೇಲೆದ್ದಾಗ ಅದು ಹೊಟ್ಟೆಗೋ ತಲೆಗೋ ಅಂತ ಎದುರಾಳಿಗೆ ತಿಳಿಯಲ್ಲ. ಪಕ್ಕೆಗೆ, ತೊಡೆಗೆ ಹಿಂಗಾಲಿನಿಂದ ಒದೆಯುವಾಗ ಮಾತ್ರ ಶಿನ್ ಬಳಸಿ.

ಎಡಗಾಲು

ದೂರದ ವಿಷಯ ಯಾರೂ ಹೇಳಿರಲಿಲ್ಲ, ಧನ್ಯವಾದ. ಶಿನ್ ಗಟ್ಟಿ ಮಾಡೋಕೆ ಅದರ ಮೇಲೆ ಬಾಟಲಿ ಉರುಳಿಸಬೇಕಾ?

ಪ್ಯಾಡ್‌ಹೋಲ್ಡರ್

ಬೇಡ. ಬಾಟಲಿ, ಕೋಲು ಯಾವುದೂ ಬೇಡ. ಮೆತ್ತಗಿನ ಬ್ಯಾಗ್‌ಗೆ ಅರ್ಧ ಬಲದಲ್ಲಿ ಶುರುಮಾಡಿ, ತಿಂಗಳುಗಳ ಮೇಲೆ ಬಲ ಹೆಚ್ಚಿಸಿ. ಶಿನ್ ಪೂರ್ತಿ ನೋಯ್ತಿದ್ದರೆ ಸಾಮಾನ್ಯ. ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದಾಗ ಚುಚ್ಚಿದಂತೆ ನೋಯ್ತಿದ್ದು, ನಡೆದಾಗಲೂ ಇದ್ದರೆ ಒದೆಯೋದು ನಿಲ್ಲಿಸಿ ವೈದ್ಯರಿಗೆ ತೋರಿಸಿ, ಮೂಳೆಯಲ್ಲಿ ಬಿರುಕು ಇರಬಹುದು.