ವಿಶ್ವಕಪ್ಪಿನಲ್ಲಿ ಸಣ್ಣ ರಾಷ್ಟ್ರಗಳಿಗೆ ನ್ಯಾಯವಾದ ಪಾಲು ಎಂದರೆ ಯಾವುದು?

ಪ್ರಶ್ನೆ

2011ರ ಮಾರ್ಚ್ 2ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ 327 ರನ್ನುಗಳನ್ನು ಬೆನ್ನಟ್ಟಿದ ಐರ್ಲೆಂಡ್ 111ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಮುಂದೆ ಕೆವಿನ್ ಓಬ್ರಿಯಾನ್ 50 ಎಸೆತಗಳಲ್ಲಿ ಶತಕ ಬಾರಿಸಿ, ಐರ್ಲೆಂಡ್ ಮೂರು ವಿಕೆಟ್‌ಗಳಿಂದ ಗೆದ್ದದ್ದನ್ನು ಬೆಂಗಳೂರಿನವರು ಇಂದಿಗೂ ನೆನೆಯುತ್ತಾರೆ. ಆದರೆ 2019ರ ಹೊತ್ತಿಗೆ ಏಕದಿನ ವಿಶ್ವಕಪ್ಪನ್ನು 10 ತಂಡಗಳಿಗೆ ಇಳಿಸಲಾಗಿತ್ತು. ಐರ್ಲೆಂಡಿಗೆ ಅಲ್ಲಿ ಜಾಗವಿರಲಿಲ್ಲ. 2027ರಲ್ಲಿ ಮತ್ತೆ 14 ತಂಡಗಳು ಆಡಲಿವೆ. ಸಂಖ್ಯೆಯನ್ನು ಹೀಗೆ ಏರಿಸುವುದರಿಂದಲೇ ಸಣ್ಣ ರಾಷ್ಟ್ರಗಳಿಗೆ ನ್ಯಾಯ ಸಿಗುತ್ತದೆಯೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ತಂಡಗಳನ್ನು ಕಡಿಮೆ ಮಾಡಿದ್ದರಿಂದ ಟೂರ್ನಿ ಚಿಕ್ಕದಾಗಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. 2015ರಲ್ಲಿ 14 ತಂಡಗಳು 49 ಪಂದ್ಯಗಳನ್ನು ನಿಗದಿಪಡಿಸಿಕೊಂಡಿದ್ದರೆ, 2019ರಲ್ಲಿ 10 ತಂಡಗಳಿಗೆ 48 ಪಂದ್ಯಗಳಿದ್ದವು. 2007ರಲ್ಲಿ ಭಾರತ ಮೂರೇ ಪಂದ್ಯಗಳನ್ನಾಡಿ ಮನೆಗೆ ಮರಳಿತ್ತು. 2019ರ 10 ತಂಡಗಳ ಮಾದರಿಯಲ್ಲಿ ಅದಕ್ಕೆ ಒಂಬತ್ತು ಪಂದ್ಯಗಳಾದರೂ ಖಚಿತವಾಗಿದ್ದವು. ಪ್ರಸಾರ ಹಕ್ಕಿನ ಲೆಕ್ಕಾಚಾರವೇ ಇಲ್ಲಿ ಮೇಲುಗೈ ಪಡೆಯಿತೆಂದು ನನ್ನ ನಂಬಿಕೆ.

ಅದಕ್ಕಿಂತಲೂ ನನ್ನನ್ನು ನೋಯಿಸುವುದು ಅರ್ಹತಾ ಟೂರ್ನಿಗಳ ಸ್ಥಿತಿ. 2018ರ ಮಾರ್ಚ್‌ನಲ್ಲಿ ಹರಾರೆಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸ್ಕಾಟ್ಲೆಂಡ್ ಗುರಿಯತ್ತ ಸಾಗುತ್ತಿದ್ದಾಗ ರಿಚಿ ಬೆರಿಂಗ್ಟನ್ ಅವರಿಗೆ ವಿವಾದಾತ್ಮಕ ಎಲ್‌ಬಿಡಬ್ಲ್ಯು ತೀರ್ಪು ನೀಡಲಾಯಿತು. ಆ ಟೂರ್ನಿಯಲ್ಲಿ ಡಿಆರ್‌ಎಸ್ (ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ವ್ಯವಸ್ಥೆ) ಇರಲಿಲ್ಲವಾದ್ದರಿಂದ ಮೇಲ್ಮನವಿಗೆ ದಾರಿಯೇ ಇರಲಿಲ್ಲ. ಬಳಿಕ ಮಳೆ ಬಂದು, ಅಂಥ ಪಂದ್ಯಗಳ ಗುರಿಯನ್ನು ಮರುನಿಗದಿ ಮಾಡುವ ಡಕ್‌ವರ್ತ್ ಲೂಯಿಸ್ ಲೆಕ್ಕದಲ್ಲಿ ಐದು ರನ್ನುಗಳಿಂದ ಸೋತ ಸ್ಕಾಟ್ಲೆಂಡಿನ ನಾಲ್ಕು ವರ್ಷಗಳ ದುಡಿಮೆ ಅಲ್ಲಿಗೆ ಮುಗಿಯಿತು. ಯಾರಿಗೆ ಒಂದು ಪಂದ್ಯವೇ ಸರ್ವಸ್ವವೋ ಅವರಿಗೇ ಈ ಸೌಲಭ್ಯ ನಿರಾಕರಿಸುವುದು ಯಾವ ನ್ಯಾಯ?

ಉತ್ತರ 2

ಡಿಆರ್‌ಎಸ್ ವಿಷಯದಲ್ಲಿ ನನ್ನದೂ ಅದೇ ಅಭಿಪ್ರಾಯ. ಆದರೆ ತಂಡಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕೆ ನನ್ನ ಸಹಮತವಿಲ್ಲ. 2007ರಲ್ಲಿ ಭಾರತ ಬರ್ಮುಡಾವನ್ನು 257 ರನ್ನುಗಳಿಂದ ಸೋಲಿಸಿತು. 2023ರ ಅಕ್ಟೋಬರ್ 25ರಂದು ದೆಹಲಿಯಲ್ಲಿ ಆಸ್ಟ್ರೇಲಿಯಾ ನೆದರ್ಲೆಂಡ್ಸನ್ನು 90ಕ್ಕೆ ಕೆಡವಿ 309 ರನ್ನುಗಳಿಂದ ಗೆದ್ದಿತು. ಹಣ ತೆತ್ತು ಬಂದ ಪ್ರೇಕ್ಷಕನಿಗೆ ಅದರಲ್ಲಿ ಏನು ಸಿಕ್ಕಿತು? 20 ತಂಡಗಳ ಟಿ20 ವಿಶ್ವಕಪ್ ಹೇಗೂ ಇದೆ. ಸಣ್ಣ ರಾಷ್ಟ್ರಗಳು ಅಲ್ಲಿ ಬೆಳೆಯಲಿ, ಐವತ್ತು ಓವರುಗಳ ಕಪ್ಪು ಬಲಿಷ್ಠರ ನಡುವೆಯೇ ನಡೆಯಲಿ.

ಉತ್ತರ 3

ಮೇಲಿನವರು ಕೊಟ್ಟ ಉದಾಹರಣೆಯನ್ನೇ ಪೂರ್ತಿ ನೋಡೋಣ. ದೆಹಲಿಯಲ್ಲಿ ಹಾಗೆ ಸೋತ ಅದೇ ನೆದರ್ಲೆಂಡ್ಸ್ ಮೂರೇ ದಿನಗಳಲ್ಲಿ ಕೋಲ್ಕತ್ತಾದಲ್ಲಿ ಬಾಂಗ್ಲಾದೇಶವನ್ನು 87 ರನ್ನುಗಳಿಂದ ಸೋಲಿಸಿತು. ಅದಕ್ಕೆ ಮುನ್ನ ಧರ್ಮಶಾಲಾದಲ್ಲಿ ದಕ್ಷಿಣ ಆಫ್ರಿಕಾವನ್ನೂ ಮಣಿಸಿತ್ತು. ಅದೇ ಟೂರ್ನಿಯಲ್ಲಿ ಭಾರತದೆದುರು 55ಕ್ಕೆ ಆಲೌಟಾದದ್ದು 1996ರ ಚಾಂಪಿಯನ್ ಶ್ರೀಲಂಕಾ. ಅವರನ್ನು ವಿಶ್ವಕಪ್ಪಿಗೆ ಕರೆಯಬಾರದೆಂದು ಯಾರೂ ಹೇಳಲಿಲ್ಲ.

ನೆದರ್ಲೆಂಡ್ಸ್ ಈ ಮಟ್ಟಕ್ಕೆ ಬಂದದ್ದು ಹೇಗೆಂದು ನೋಡಿದರೆ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ವಿಶ್ವಕಪ್ ಅರ್ಹತೆಗೆಂದು ನಡೆದ 13 ತಂಡಗಳ ಏಕದಿನ ಸೂಪರ್ ಲೀಗಿನಲ್ಲಿ ಅದಕ್ಕೊಂದು ಸ್ಥಾನವಿತ್ತು. ಆದ್ದರಿಂದಲೇ 2022ರಲ್ಲಿ ಇಂಗ್ಲೆಂಡ್, ಪಾಕಿಸ್ತಾನ, ವೆಸ್ಟ್ ಇಂಡೀಸ್ ತಂಡಗಳು ಆ ದೇಶಕ್ಕೆ ಹೋಗಿ ಆಡಿದವು. ಆಮ್‌ಸ್ಟೆಲ್ವೀನಿನಲ್ಲಿ ಇಂಗ್ಲೆಂಡ್ 498 ರನ್ ಹೊಡೆದು ದಾಖಲೆ ಬರೆದದ್ದೂ ಅಲ್ಲಿಯೇ. ಅಂಥ ಏಟು ತಿಂದ ಬೌಲರುಗಳೇ ಮರುವರ್ಷ ಧರ್ಮಶಾಲಾದಲ್ಲಿ ನಿಂತು ಗೆಲ್ಲಿಸಿದರೆಂದರೆ, ಸೋಲುವುದಕ್ಕೂ ಅವಕಾಶ ಸಿಗಬೇಕೆಂದು ಅರ್ಥವಲ್ಲವೇ? ಒಂದೇ ಆವೃತ್ತಿಯ ನಂತರ ಆ ಲೀಗನ್ನು ಕೈಬಿಟ್ಟದ್ದು ದೊಡ್ಡ ತಪ್ಪು. ಆ ವಿಶ್ವಕಪ್ಪಿನ ಸಿದ್ಧತೆಗೆಂದು ಡಚ್ಚರು (ನೆದರ್ಲೆಂಡ್ಸಿನವರು) ಬೆಂಗಳೂರಿನ ಬಳಿಯ ನಮ್ಮ ಆಲೂರಿಗೆ ಬಂದು ಕರ್ನಾಟಕ ತಂಡದೊಡನೆ ಆಡಿದ್ದರು. ಭಾರತದ ರಾಜ್ಯ ತಂಡಗಳು ಇಂಥ ಆತಿಥ್ಯವನ್ನು ಪ್ರತಿ ವರ್ಷವೂ ನೀಡಬಹುದು.

ಪ್ರಶ್ನೆ ಕೇಳಿದವರು

ಹಾಗಾದರೆ ವಿಶ್ವಕಪ್ಪುಗಳ ನಡುವಿನ ನಾಲ್ಕು ವರ್ಷಗಳೇ ಮುಖ್ಯವೆಂದಾಯಿತು. ಆದರೆ ಆ ಪಂದ್ಯಗಳ ಖರ್ಚನ್ನು ಯಾರು ಹೊರಬೇಕು? ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯಲ್ಲಿ (ಐಸಿಸಿ) ಟೆಸ್ಟ್ ಆಡುವ ಪೂರ್ಣ ಸದಸ್ಯತ್ವವಿರುವ ಐರ್ಲೆಂಡೇ 2025ರಲ್ಲಿ ಹಣಕಾಸಿನ ಕಾರಣಕ್ಕೆ ಅಫ್ಗಾನಿಸ್ತಾನದ ವಿರುದ್ಧದ ತವರಿನ ಸರಣಿಯನ್ನು ರದ್ದುಪಡಿಸಿತು.

ಉತ್ತರ 3 ಬರೆದವರು

ಐಸಿಸಿಯ ಸಾಮಾನ್ಯ ನಿಧಿಯೇ ಹೊರಬೇಕು. 2024ರಿಂದ 2027ರವರೆಗಿನ ಹಂಚಿಕೆಯಲ್ಲಿ ಭಾರತಕ್ಕೆ ಸುಮಾರು ಶೇ 38.5ರಷ್ಟು ಪಾಲು, ಪೂರ್ಣ ಸದಸ್ಯತ್ವವಿಲ್ಲದ ತೊಂಬತ್ತಕ್ಕೂ ಹೆಚ್ಚು ಸಹ ಸದಸ್ಯ ರಾಷ್ಟ್ರಗಳೆಲ್ಲ ಸೇರಿದರೂ ದೊರೆಯುವುದು ಸುಮಾರು ಶೇ 11. ಆದಾಯದ ಬಹುಪಾಲು ಭಾರತದ ಮಾರುಕಟ್ಟೆಯಿಂದಲೇ ಬರುತ್ತದೆಂಬುದು ನಿಜ; ಆದರೂ ಭಾರತದ ಅಭಿಮಾನಿಯಾಗಿಯೇ ಹೇಳುತ್ತೇನೆ, ನಮ್ಮ ಪಾಲಿನ ಒಂದಂಶವನ್ನು ಇಂಥ ಸರಣಿಗಳಿಗೆಂದು ಮೀಸಲಿಟ್ಟರೆ ನಮ್ಮ ಕ್ರಿಕೆಟ್ಟಿಗೆ ನಷ್ಟವಾಗದು. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ನಮ್ಮ ನಂದಿನಿಯೇ ಪ್ರಾಯೋಜಕತ್ವ ನೀಡಿತ್ತು. ಹಾಲು ಒಕ್ಕೂಟವೊಂದು ಮುಂದೆ ಬಂದು ಮಾಡಿದ್ದನ್ನು ಕ್ರಿಕೆಟ್ ಮಂಡಳಿಗಳು ಮಾಡಲಾಗದೆಂದು ನಾನು ಒಪ್ಪಲಾರೆ.