ಇಸ್ಲಾಮಿಕ್ ಬ್ಯಾಂಕಿನ ಆ್ಯಪ್‌ಗೆ ಸೈಬರ್ ದಾಳಿಯಾದರೆ ದುಡ್ಡಿನ ಗತಿ ಏನು?

ಉಳ್ಳಾಲದ ಅಳಿವೆ:
ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿಯವರಲ್ಲಿ ಸುಮಾರು ಜನರ ಸಂಬಳ ಅಲ್ಲಿನ ಇಸ್ಲಾಮಿಕ್ ಬ್ಯಾಂಕಿಗೇ (ಬಡ್ಡಿ ಇಲ್ಲದೆ ಶರಿಯಾ ನಿಯಮದಂತೆ ನಡೆಯುವ ಬ್ಯಾಂಕ್) ಬೀಳುವುದು. ರಜೆಗೆ ಊರಿಗೆ ಬಂದರೂ ವ್ಯವಹಾರವೆಲ್ಲ ಆ್ಯಪ್‌ನಲ್ಲೇ. 2023ರಲ್ಲಿ ಬ್ಯಾಂಕ್ ಸ್ಯರಿಯಾ ಇಂಡೋನೇಷ್ಯಾಕ್ಕೆ (ಬಿಎಸ್‌ಐ) ಆದಂಥ ದಾಳಿ ಈ ಬ್ಯಾಂಕುಗಳಿಗೂ ಆದರೆ ಏನು ಮಾಡಬೇಕು? ದುಡ್ಡನ್ನೆಲ್ಲ ಊರಿನ ಎನ್‌ಆರ್‌ಇ (ಅನಿವಾಸಿ ಭಾರತೀಯರ ರೂಪಾಯಿ) ಖಾತೆಗೆ ಹಾಕಿಬಿಡುವುದು ಒಳ್ಳೆಯದಾ? ಶರಿಯಾ ಬ್ಯಾಂಕ್ ಅಂತ ನಷ್ಟದ ನಿಯಮ ಬೇರೆ ಉಂಟಾ?

ಬಂದರು ಲೆಕ್ಕಪತ್ರ:
ಸೇವೆ ನಿಲ್ಲುವುದು, ಮಾಹಿತಿ ಸೋರುವುದು, ಖಾತೆಯಿಂದ ದುಡ್ಡು ಹೋಗುವುದು, ಈ ಮೂರೂ ಬೇರೆ ಬೇರೆ. ಬಿಎಸ್‌ಐಯಲ್ಲಿ 2023ರ ಮೇ 8ರಿಂದ ಆ್ಯಪ್, ಎಟಿಎಂ, ಶಾಖೆ ಎಲ್ಲ ತೊಡಕಾಯಿತು. ಬ್ಯಾಂಕ್ ಮೊದಲು ಹೇಳಿದ್ದು "ಸಿಸ್ಟಮ್ ನಿರ್ವಹಣೆ" ಎಂದು. ಆಮೇಲೆ ಲಾಕ್‌ಬಿಟ್ ಎಂಬ ಹ್ಯಾಕರ್ ಗುಂಪು ತಾನೇ ದಾಳಿ ಮಾಡಿದ್ದು, 1.5 ಟೆರಾಬೈಟ್ ಮಾಹಿತಿ ಕದ್ದಿದ್ದೇನೆ ಎಂದು ಹೇಳಿಕೊಂಡಿತು. ನನ್ನ ಪ್ರಕಾರ ಗ್ರಾಹಕರ ವಿಶ್ವಾಸ ಹೋದದ್ದು ಸರ್ವರ್ ಬಿದ್ದದ್ದಕ್ಕಿಂತ ಹೆಚ್ಚಾಗಿ ಆ "ನಿರ್ವಹಣೆ" ಎಂಬ ಮಾತಿನಿಂದ. ಇಂಡೋನೇಷ್ಯಾದ "ಆಚೆ" ಎಂಬ ಪ್ರಾಂತ್ಯದಲ್ಲಿ ಪೆಟ್ಟು ಇನ್ನೂ ಜೋರು. ಬ್ಯಾಂಕೆಲ್ಲ ಶರಿಯಾ ಪ್ರಕಾರವೇ ನಡೆಯಬೇಕೆಂಬ 2018ರ ಕಾನೂನಿನಿಂದಾಗಿ ಸಾಮಾನ್ಯ ಬ್ಯಾಂಕುಗಳು ಅಲ್ಲಿಂದ ಕಾಲ್ತೆಗೆದಿದ್ದವು, ಜನರಿಗೆ ಬೇರೆ ದಾರಿ ಕಡಿಮೆ ಇತ್ತು. ಹಾಗಾಗಿ ಒಂದು ತಿಂಗಳ ಖರ್ಚಿನಷ್ಟು ದುಡ್ಡು ಬೇರೊಂದು ಬ್ಯಾಂಕಿನಲ್ಲಿ ಇರಲೇಬೇಕು.

ಆ್ಯಪ್ ನಿಂತಾಗ ಮಾಡಬಾರದ್ದು ಎರಡು. "ಪೆಂಡಿಂಗ್" ತೋರಿಸುವ ವರ್ಗಾವಣೆಯನ್ನು ಮತ್ತೊಮ್ಮೆ ಕಳಿಸಬೇಡಿ. ಮೊದಲಿನದ್ದು ಸರದಿಯಲ್ಲಿ ಉಳಿದಿದ್ದರೆ ಸಿಸ್ಟಮ್ ಎದ್ದ ಕೂಡಲೇ ಎರಡೂ ಕಡಿತವಾಗ್ತದೆ. ರೆಫರೆನ್ಸ್ ನಂಬರ್ ಬರೆದಿಟ್ಟು ಕಾಯಿರಿ. ಎರಡನೆಯದು, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ. ಮತ್ತೆ ಹಾಕುವಾಗ ಫೋನನ್ನು ಹೊಸದಾಗಿ ನೋಂದಾಯಿಸಬೇಕು, ಅದಕ್ಕೆ ಗಲ್ಫ್ ನಂಬರಿಗೆ ಒಟಿಪಿ ಬರಬೇಕು. ಆ ಸಿಮ್‌ನಲ್ಲಿ ರೋಮಿಂಗ್ ಇಲ್ಲದಿದ್ದರೆ ತೊಕ್ಕೊಟ್ಟಿನಲ್ಲಿ ಕೂತು ಖಾತೆಯ ಹೊರಗೇ ಉಳಿಯುತ್ತೀರಿ ಮಾರಾಯ್ರೆ.

ಸೇವೆ ಮರಳಿದ ಮೇಲೆ ಪಿನ್, ಪಾಸ್‌ವರ್ಡ್ ಬದಲಿಸಿ, ನೋಂದಾಯಿತ ಸಾಧನಗಳ ಪಟ್ಟಿಯಲ್ಲಿ ಹಳೇ ಫೋನ್ ಇದ್ದರೆ ತೆಗೆಯಿರಿ, ದಾಳಿಗೆ ಮೊದಲಿನ ಸ್ಟೇಟ್‌ಮೆಂಟಿಗೆ ತಾಳೆ ಹಾಕಿ. ನಿಜವಾದ ಕಳ್ಳತನ ಶುರುವಾಗುವುದೇ ಆಮೇಲೆ: ಸೋರಿದ ಹೆಸರು, ನಂಬರ್ ಹಿಡಿದು "ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ಖಾತೆ ಅನ್‌ಬ್ಲಾಕ್ ಮಾಡ್ತೇವೆ" ಎಂಬ ಕರೆಗಳು. ಖಾತೆಯ ಕೊನೆಯ ನಾಲ್ಕು ಅಂಕೆ ಹೇಳಿದರೆಂದು ನಂಬಬೇಡಿ. ಕರೆ ಕತ್ತರಿಸಿ, ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಮಾಡಿ.

ದೇರಳಕಟ್ಟೆ ಫಿಕ್ಹ್:
ಶರಿಯಾ ಪ್ರಶ್ನೆಗೆ ಉತ್ತರ ಖಾತೆಯ ಕರಾರಿನಲ್ಲಿ ಉಂಟು. ಕರೆಂಟ್ ಖಾತೆ ಸಾಮಾನ್ಯವಾಗಿ ಕರ್ಝ್, ಅಂದರೆ ನೀವು ಬ್ಯಾಂಕಿಗೆ ಕೊಟ್ಟ ಸಾಲ. ಏನೇ ಆದರೂ ಪೂರ್ತಿ ವಾಪಸ್ ಕೊಡಬೇಕು. ಉಳಿತಾಯ ಖಾತೆ ಮುದಾರಬ (ನಿಮ್ಮ ಹಣದಿಂದ ಬ್ಯಾಂಕ್ ವ್ಯಾಪಾರ ಮಾಡಿ ಲಾಭ ಹಂಚುವ ಕರಾರು) ಆಗಿದ್ದರೆ ವ್ಯಾಪಾರದ ನಷ್ಟ ಹಣ ಹಾಕಿದವನಿಗೆ. ಆದರೆ ಬ್ಯಾಂಕಿನ ನಿರ್ಲಕ್ಷ್ಯ ಅಥವಾ ಕರಾರು ಮೀರಿದ್ದರಿಂದ ನಷ್ಟವಾದರೆ ಹೊಣೆ ಬ್ಯಾಂಕಿನದ್ದೇ. ಭದ್ರತೆಯ ಕೆಲಸವನ್ನೇ ಸರಿಯಾಗಿ ಮಾಡದೆ ಹ್ಯಾಕ್ ಆದರೆ ಅದನ್ನು "ವ್ಯಾಪಾರದ ನಷ್ಟ" ಎಂದು ದಾಟಿಸಲಿಕ್ಕಾಗದು. ದೂರು ಬರೆಯುವಾಗ ಈ ಅಂಶವನ್ನೇ ಹಿಡಿಯಿರಿ. ಹಾಂ, ವ್ಯವಹಾರ ಶರಿಯಾಕ್ಕೆ ಸರಿಯಾ ಎಂದು ನೋಡುವ ಬ್ಯಾಂಕಿನ ಶರಿಯಾ ಮಂಡಳಿಯ ಸಹಿ ಕರಾರಿಗೆ ಸಿಗುವುದು, ಸರ್ವರಿಗೆ ಅಲ್ಲ. ಯುಎಇಯಲ್ಲಾದರೆ ಮೊದಲು ಬ್ಯಾಂಕಿಗೆ ದೂರು, ಬಗೆಹರಿಯದಿದ್ದರೆ ಸನದಕ್ ಎಂಬ ಅಲ್ಲಿನ ಬ್ಯಾಂಕ್ ಒಂಬುಡ್ಸ್‌ಮನ್‌ಗೆ.

ಉಡುಪಿ ತೆಂಕಪೇಟೆ:
ಎನ್‌ಆರ್‌ಇಗೆ ಹಾಕಬಹುದು, ಆದರೆ ಭಾರತದಲ್ಲಿ ಇಸ್ಲಾಮಿಕ್ ಬ್ಯಾಂಕ್ ಇಲ್ಲ. ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು ಆರ್‌ಬಿಐ 2017ರಲ್ಲೇ ಹೇಳಿದೆ. ಬಡ್ಡಿ ಬೇಡವಾದರೆ ಎನ್‌ಆರ್‌ಇ ಕರೆಂಟ್ ಖಾತೆ ತೆರೆಯಿರಿ, ಕನಿಷ್ಠ ಮೊತ್ತ ಎಷ್ಟೆಂದು ಶಾಖೆಯಲ್ಲಿ ಕೇಳಿ. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಒಟ್ಟು 5 ಲಕ್ಷದವರೆಗೆ. ಸೊಸೈಟಿಯಲ್ಲಿಟ್ಟರೆ ಆ ವಿಮೆಯೂ ಇಲ್ಲ.

ಇಲ್ಲಿಯೂ ದಾಳಿ ಆಗದ ಜಾಗ ಅಂತ ಇಲ್ಲ. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ, ಬ್ಯಾಂಕುಗಳಿಗೆ ಸೇವೆ ಕೊಡುವ ತಂತ್ರಜ್ಞಾನ ಕಂಪನಿಗೆ, ಮಾಹಿತಿ ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ತಗಲಿದಾಗ ಯುಪಿಐ ನಡೆಸುವ ಎನ್‌ಪಿಸಿಐ ಅದರ ಸಂಪರ್ಕ ಕಡಿಯಿತು, ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ ನಿಂತಿತು. ಗ್ರಾಹಕರ ತಪ್ಪೂ ಅಲ್ಲದೆ ಬ್ಯಾಂಕಿನ ತಪ್ಪೂ ಅಲ್ಲದೆ ಹೊರಗಿನವರ ದಾಳಿಯಿಂದ ದುಡ್ಡು ಹೋದರೆ, ಆರ್‌ಬಿಐ 2017ರಲ್ಲಿ ತಂದ ನಿಯಮದಂತೆ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ದುಡ್ಡು ಹೋದದ್ದಕ್ಕೆ ಬ್ಯಾಂಕಿನ ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿವರೆಗೆ ನಿಮ್ಮ ಮೇಲೆ ಬರಬಹುದು. ಒಟಿಪಿ ನೀವೇ ಕೊಟ್ಟಿದ್ದರೆ ಮಾತ್ರ ತಿಳಿಸುವ ತನಕದ ನಷ್ಟ ಪೂರ್ತಿ ನಿಮ್ಮದು. ಹಾಗಾಗಿ ಮೊದಲು ಬ್ಯಾಂಕಿಗೆ, ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ.

ಉಳ್ಳಾಲದ ಅಳಿವೆ:
ಗಲ್ಫ್ ಖಾತೆಯಿಂದ ಹೋದರೂ 1930ಕ್ಕೇ ಮಾಡುವುದಾ?

ಉಡುಪಿ ತೆಂಕಪೇಟೆ:
ಮೊದಲು ಆ ಬ್ಯಾಂಕಿನ ಹಾಟ್‌ಲೈನ್‌ಗೆ ಮಾಡಿ ಖಾತೆ, ಕಾರ್ಡ್ ಎರಡನ್ನೂ ಬ್ಲಾಕ್ ಮಾಡಿಸಿ, ಆಮೇಲೆ ಅಲ್ಲಿನ ಪೊಲೀಸರಿಗೆ ದೂರು. ದುಡ್ಡು ಭಾರತದ ಖಾತೆಗೆ ಬಂದು ಬಿದ್ದದ್ದು ಗೊತ್ತಾದರೆ 1930ಕ್ಕೂ ತಿಳಿಸಿ. ವಿದೇಶದಿಂದ ಟೋಲ್-ಫ್ರೀ ನಂಬರ್ ಹೆಚ್ಚಾಗಿ ತಾಗುವುದಿಲ್ಲ. ದೇಶದ ಕೋಡ್ ಇರುವ ನಂಬರನ್ನು ಈಗಲೇ ಕಾಗದದ ಮೇಲೆ ಬರೆದಿಡಿ.