ಹಿಂದೆ ಕೂರಿಸಿದ ಟರ್ಬೊ: ಬೆಳಿಗ್ಗೆ ಮಾತ್ರ ನೀಲಿ ಹೊಗೆ, ಆಯಿಲ್ ಲೈನ್ ತಪ್ಪಾ?

ಸೈಲೆನ್ಸರ್ ಜಾಗ (ಪ್ರಶ್ನೆ)

ನನ್ನ ಹಳೆಯ ಆರು ಸಿಲಿಂಡರ್ ಕಾರಿನ ಬಾನೆಟ್ ಒಳಗೆ ಸ್ಪ್ಯಾನರ್ ತಿರುಗಿಸಲೂ ಜಾಗ ಇಲ್ಲ. ಅದಕ್ಕೇ ಹಿಂದೆ, ಸೈಲೆನ್ಸರ್ ಇದ್ದ ಕಡೆ ಟರ್ಬೊ (ಎಕ್ಸಾಸ್ಟ್ ರಭಸಕ್ಕೆ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಕೂರಿಸಿದೆ. ಶಾಫ್ಟ್ ಆಯಿಲ್ ಪದರದ ಮೇಲೆ ತಿರುಗುವ ಮಾಮೂಲಿ ಬುಷ್ ಬೇರಿಂಗ್ ಟರ್ಬೊ, ಬಾಲ್ ಬೇರಿಂಗ್ ಅಲ್ಲ. ಓಡಿಸುವಾಗ ಚೆನ್ನಾಗಿ ಎಳೆಯುತ್ತದೆ, ಹೊಗೆ ಇಲ್ಲ.

ತೊಂದರೆ ಬೆಳಿಗ್ಗೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎರಡು ನಿಮಿಷ ದಟ್ಟ ನೀಲಿ ಹೊಗೆ. ಆಮೇಲೆ ತಾನಾಗೇ ನಿಲ್ಲುತ್ತದೆ.

ಲೈನ್ ಹೀಗಿವೆ. ಆಯಿಲ್ ಪ್ರೆಶರ್ ಸ್ವಿಚ್ ಜಾಗದಲ್ಲಿ ಟಿ ಹಾಕಿ, ಅಲ್ಲಿಂದ ಎಎನ್-4 ಜಾಲರಿ ಹೋಸ್ (ಎಎನ್ ಅಂದರೆ ಹೋಸಿನ ಅಳತೆ, ಅಂಕಿ ದೊಡ್ಡದಾದಷ್ಟೂ ಅಗಲ) ಸುಮಾರು 4 ಮೀಟರ್ ಹಿಂದಕ್ಕೆ. ಟರ್ಬೊದಿಂದ ಇಳಿದ ಆಯಿಲನ್ನು ವಾಪಸ್ ತಳ್ಳಲು ಅದರ ಕೆಳಗೆ 12 ವೋಲ್ಟ್ ಗೇರ್ ಪಂಪ್. ಅಲ್ಲಿಂದ ಎಎನ್-6 ಲೈನ್ ವಾಪಸ್ ಇಂಜಿನ್ ನೆತ್ತಿಯ ಟಪ್ಪೆಟ್ ಕವರ್‌ಗೆ. ಕೀ ಆಫ್ ಮಾಡಿದರೆ ಪಂಪ್ ಕೂಡ ಆಫ್.

ಇನ್ನೊಂದು. ಟರ್ಬೊದಲ್ಲಿ ನೀರಿನ ಎರಡು ತೂತು ಇವೆ. ಸದ್ಯಕ್ಕೆ ಬೋಲ್ಟ್ ಹಾಕಿ ಮುಚ್ಚಿದ್ದೇನೆ. ಕೂಲಂಟ್ ಲೈನ್ ಎಳೆಯಲೇಬೇಕಾ?

ಬೂಸ್ಟ್ ಹುಚ್ಚ

ಟರ್ಬೊ ಸೀಲ್ ಹೋಗಿದೆ ಸರ್. ನೀಲಿ ಹೊಗೆ ಅಂದ್ರೆ ಅದೇ. ಹೊಸ ಟರ್ಬೊ ಹಾಕಿ.

ಕಾಲು ಲೀಟರ್

ದಯವಿಟ್ಟು ಈಗಲೇ ಟರ್ಬೊ ಬಿಚ್ಚಬೇಡಿ. ನಾನು ಹಾಗೇ ಬಿಚ್ಚಿ, ಹೊಸದು ಹಾಕಿ, ಮಾರನೇ ಬೆಳಿಗ್ಗೆ ಅದೇ ಹೊಗೆ ನೋಡಿ ತಲೆ ಮೇಲೆ ಕೈ ಹೊತ್ತು ಕೂತವನು.

ಟರ್ಬೊ ಸೀಲ್ ಅಂದ ತಕ್ಷಣ ರಬ್ಬರ್ ಸೀಲ್ ನೆನಪಾಗುತ್ತದೆ. ಅದು ಹಾಗಲ್ಲ. ಅಲ್ಲಿರುವುದು ಪಿಸ್ಟನ್ ರಿಂಗ್ ಥರದ ಸಣ್ಣ ಕಬ್ಬಿಣದ ರಿಂಗ್. ಓಡುವಾಗ ಎರಡೂ ಕಡೆಯ ಗಾಳಿಯ ಒತ್ತಡ ಆಯಿಲನ್ನು ಒಳಗೇ ತಡೆಯುತ್ತದೆ, ಕೆಳಗಿನ ತೂತಿನಿಂದ ಆಯಿಲ್ ಸಲೀಸಾಗಿ ಇಳಿದುಹೋಗುತ್ತದೆ. ನಿಂತ ಟರ್ಬೊದಲ್ಲಿ ಆಯಿಲ್ ತುಂಬಿದರೆ ಹೊಚ್ಚ ಹೊಸ ರಿಂಗ್ ಕೂಡ ಬಿಟ್ಟುಕೊಡುತ್ತದೆ. ರಾತ್ರಿಯಿಡೀ ಎಕ್ಸಾಸ್ಟ್ ಕಡೆಗೆ ಜಿನುಗಿದ್ದು ಬೆಳಿಗ್ಗೆ ಸುಟ್ಟು ಹೊಗೆಯಾಗುತ್ತದೆ.

ಹಾಗಾದರೆ ಆ ಆಯಿಲ್ ಎಲ್ಲಿಂದ ಬಂತು? ಎಲ್ಲರೂ ಮೊದಲು ಫೀಡ್ ಲೈನ್, ಅಂದರೆ ಟರ್ಬೊಗೆ ಆಯಿಲ್ ತರುವ ಹೋಸ್ ಕಡೆ ಬೆರಳು ತೋರಿಸುತ್ತಾರೆ. ತಪ್ಪೇನಿಲ್ಲ. ಇಂಜಿನ್ ಆಯಿಲ್ ದಾರಿಗಳು ಮೇಲಿವೆ, ನಿಮ್ಮ ಟರ್ಬೊ ಕೆಳಗಿದೆ. ನಿಂತ ಮೇಲೆ ಅಲ್ಲಿದ್ದದ್ದು ನಿಧಾನಕ್ಕೆ ಇಳಿಯುತ್ತದೆ. ನಾನೂ ಅದನ್ನೇ ನಂಬಿ ಫೀಡ್‌ಗೆ ಒನ್‌ವೇ ವಾಲ್ವ್ ಹಾಕಿದೆ. ಹೊಗೆ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ.

ಕಳ್ಳ ಇದ್ದದ್ದು ವಾಪಸ್ ಲೈನ್‌ನಲ್ಲಿ! ಲೆಕ್ಕ ಹಾಕಿ ನೋಡಿ. ಎಎನ್-6 ಹೋಸಿನ ಒಳಗಿನ ಅಗಲ ಸುಮಾರು 9 ಮಿಲಿಮೀಟರ್. 4 ಮೀಟರ್ ಉದ್ದ ಅಂದರೆ ಹೆಚ್ಚುಕಡಿಮೆ ಕಾಲು ಲೀಟರ್ ಆಯಿಲ್ ಅದರಲ್ಲೇ ನಿಂತಿರುತ್ತದೆ. ಪಂಪ್ ನಿಂತ ತಕ್ಷಣ ಅದನ್ನು ಹಿಡಿಯುವವರು ಯಾರು? ಗೇರ್ ಪಂಪ್ ನಿಂತಾಗ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಹಲ್ಲುಗಳ ಸಂದಿಯಲ್ಲಿ ಬಿಡುತ್ತದೆ. ಟಪ್ಪೆಟ್ ಕವರ್ ತನಕ ಏರಿದ ಆಯಿಲ್ ಅದೇ ದಾರಿಯಲ್ಲಿ ಇಳಿದು ಸೀದಾ ಟರ್ಬೊ ಹೊಟ್ಟೆಗೆ.

ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ರಾತ್ರಿ ಇಂಜಿನ್ ಆಫ್ ಮಾಡಿ ಹದಿನೈದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಗುರುತು ಹಾಕಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮತ್ತೆ ನೋಡಿ. ಮಟ್ಟ ಇಳಿದಿದ್ದರೆ ಫೀಡ್ ಕಡೆ ಅನುಮಾನ. ಹಾಗೇ ಇದ್ದರೆ ವಾಪಸ್ ಕಡೆ ಅನುಮಾನ ಜಾಸ್ತಿ, ಆದರೆ ಇದೊಂದರಿಂದಲೇ ಖಚಿತವಲ್ಲ. ಜೊತೆಗೆ ಟಪ್ಪೆಟ್ ಕವರ್ ಹತ್ತಿರ ವಾಪಸ್ ಹೋಸ್ ಬಿಚ್ಚಿ. ಮೇಲೆ ಖಾಲಿಯಾಗಿದ್ದರೆ ಉತ್ತರ ಸಿಕ್ಕಂತೆಯೇ. ಹಾಗೇ ಟರ್ಬೊ ಶಾಫ್ಟ್ ಕೈಯಲ್ಲಿ ಅಲ್ಲಾಡಿಸಿ. ಬುಷ್ ಬೇರಿಂಗ್‌ನಲ್ಲಿ ಪಕ್ಕಕ್ಕೆ ಸ್ವಲ್ಪ ಆಟ ಇರಲೇಬೇಕು. ಚಕ್ರ ಗೋಡೆಗೆ ತಾಗಿದರೆ ಮಾತ್ರ ಟರ್ಬೊ ಹೋಗಿದೆ ಅನ್ನಿ.

ನಾನು ಕೊನೆಗೆ ಮಾಡಿದ್ದು ಇದು. ಪಂಪ್ ಬಾಯಿಂದ ಹೊರಟ ತಕ್ಷಣ ಒಂದು ಒನ್‌ವೇ ವಾಲ್ವ್. ಟರ್ಬೊ ಮತ್ತು ಪಂಪ್ ನಡುವೆ ಸಣ್ಣ ಡಬ್ಬಿ, ಆಯಿಲ್ ಬೀಳಲು ಜಾಗ ಬೇಕಲ್ಲ. ಟರ್ಬೊದಿಂದ ಡಬ್ಬಿಗೆ ಅಗಲವಾದ ಎಎನ್-10 ಪೈಪ್, ನೇರ ಕೆಳಕ್ಕೆ. ಟರ್ಬೊದಿಂದ ಬರುವುದು ಆಯಿಲ್ ಅಲ್ಲ, ನೊರೆ. ಸಣ್ಣ ಪೈಪಿನಲ್ಲಿ ನೊರೆ ಇಳಿಯುವುದಿಲ್ಲ. ಇಂಜಿನ್ ನಿಂತ ಮೇಲೂ ಪಂಪ್ 45 ಸೆಕೆಂಡ್ ಓಡುವಂತೆ ಟೈಮರ್ ರಿಲೇ. ಫೀಡ್ ವಾಲ್ವ್ ಕೂಡ ಇರಲಿ, ಆದರೆ ಸ್ಪ್ರಿಂಗ್ ಮೆತ್ತಗಿರಬೇಕು, 2-3 ಪಿಎಸ್‌ಐಗೆ ತೆರೆದುಕೊಳ್ಳುವಂಥದ್ದು. ಬಿಸಿ ಇಂಜಿನ್ ಐಡಲ್‌ನಲ್ಲಿ ಒತ್ತಡ ಮೊದಲೇ ಕಮ್ಮಿ. ಬಿಗಿಯಾದ ವಾಲ್ವ್ ಹಾಕಿದರೆ ಟರ್ಬೊಗೆ ಆಯಿಲ್ಲೇ ಸಿಗದು.

ಪಂಪ್‌ಗೆ ಮುಂಚೆ ಕಸ ತಡೆಯುವ ಜಾಲರಿ ಮರೆಯಬೇಡಿ. ನನ್ನ ಮೊದಲ ಪಂಪ್ ಸತ್ತದ್ದು ನಾನೇ ಬಳಿದ ಸಿಲಿಕಾನ್ ಗ್ಯಾಸ್ಕೆಟ್ಟಿನ ಚೂರು ಹಲ್ಲಿಗೆ ಸಿಕ್ಕಿ. ಫ್ಯೂಸ್ ಹೋದದ್ದು ಗೊತ್ತೇ ಆಗಲಿಲ್ಲ. ಹೊಗೆಗೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣದಿದ್ದಾಗ ಗೊತ್ತಾಯಿತು. ಈಗ ಪಂಪಿನ ಹೊರಲೈನ್‌ನಲ್ಲಿ ಪ್ರೆಶರ್ ಸ್ವಿಚ್ ಇದೆ, ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಇದೆ. ಇದೊಂದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ನೀರು ಬಸವ

ಆಯಿಲ್ ಕತೆ ಮೇಲಿನವರು ಹೇಳಿದ್ದಾರೆ. ನೀರಿನ ವಿಷಯ ನಾನು ಹೇಳುತ್ತೇನೆ.

ಮೊದಲು ಆ ಬೋಲ್ಟ್ ಬಿಚ್ಚಿ ನೋಡಿ. ಒಳಗೆ ಒಂದು ಹನಿ ಕೂಲಂಟ್ ಉಳಿದಿದ್ದು ಎರಡೂ ಕಡೆ ಬಿಗಿಯಾಗಿ ಮುಚ್ಚಿದ್ದರೆ, ಬಿಸಿಗೆ ಆವಿಯಾಗಿ ಒತ್ತಡ ಏರುತ್ತದೆ. ನೀರು ಹರಿಸುವುದಿಲ್ಲ ಅಂದರೆ ಪೂರ್ತಿ ಒಣಗಿಸಿ, ಒಂದು ಬಾಯಿ ತೆರೆದೇ ಬಿಡಿ, ಕೆಸರು ಹೋಗದ ಹಾಗೆ ಕೆಳಮುಖವಾಗಿ.

ನಿಮ್ಮದು ಬುಷ್ ಬೇರಿಂಗ್. ಉದ್ದ ಪೈಪ್ ಹಾದು ಬರುವಷ್ಟರಲ್ಲಿ ಎಕ್ಸಾಸ್ಟ್ ಬಿಸಿ ಸಾಕಷ್ಟು ಇಳಿದಿರುತ್ತದೆ, ಕೆಳಗೆ ಗಾಳಿಯೂ ಬೀಸುತ್ತದೆ. ಜೋರಾಗಿ ಓಡಿಸಿ ಬಂದಾಗ ಎರಡು ನಿಮಿಷ ಐಡಲ್ ಬಿಟ್ಟು ಆಫ್ ಮಾಡುವ ಅಭ್ಯಾಸ ಇದ್ದರೆ ಬರೀ ಆಯಿಲ್‌ನಲ್ಲೇ ನಡೆಯುತ್ತದೆ. ಬಾಲ್ ಬೇರಿಂಗ್ ಆಗಿದ್ದರೆ ನೀರು ಬೇಕೇ ಬೇಕು ಅಂತಿದ್ದೆ.

ನೀರು ಬೇಕೇ ಅನ್ನುವುದಾದರೆ ಒಂದು ಎಚ್ಚರಿಕೆ. ಮುಂದೆ ಕೂರಿಸಿದ ಟರ್ಬೊದಲ್ಲಿ ಇಂಜಿನ್ ನಿಂತ ಮೇಲೂ ಬಿಸಿನೀರು ಮೇಲಕ್ಕೇರಿ ತಣ್ಣೀರು ಕೆಳಗಿಳಿದು ತಾನೇ ಸುತ್ತುತ್ತದೆ. ನಿಮ್ಮಲ್ಲಿ ಆ ಆಟ ನಡೆಯದು. ಪೈಪ್ ನೆಲದಡಿ 4 ಮೀಟರ್ ಮಟ್ಟಸವಾಗಿ ಮಲಗಿದೆ, ಬಿಸಿನೀರು ಏರುವುದೆಲ್ಲಿಗೆ? ಹೀಟರ್ ಲೈನ್‌ನಿಂದ ಎಳೆದರೂ ಸಣ್ಣ ಎಲೆಕ್ಟ್ರಿಕ್ ಪಂಪ್ ಬೇಕು. ಗಾಳಿ ಹೊರಹಾಕಲು ಅತಿ ಎತ್ತರದ ಜಾಗದಲ್ಲಿ ಬ್ಲೀಡ್ ಸ್ಕ್ರೂ ಬೇಕು. ನನ್ನ ಕೇಳಿದರೆ ಹಿಂದೆಯೇ ಬೇರೆ ಸಣ್ಣ ರೇಡಿಯೇಟರ್, ಪಂಪ್, ಟ್ಯಾಂಕ್ ಇಟ್ಟು ಮುಗಿಸಿಬಿಡಿ. ಎಲ್ಲೋ ಹೋಸ್ ಒಡೆದರೆ ಇಂಜಿನ್ ನೀರು ಖಾಲಿಯಾಗದು.

ಸೈಲೆನ್ಸರ್ ಜಾಗ

ಪರೀಕ್ಷೆ ಮಾಡಿದೆ. ಡಿಪ್‌ಸ್ಟಿಕ್ ಗುರುತು ಕದಲಿಲ್ಲ. ವಾಪಸ್ ಹೋಸ್ ಮೇಲ್ತುದಿ ಬಿಚ್ಚಿದರೆ ಒಣ. ಕೆಳಗೆ ಪಂಪ್ ಹೋಸ್ ಬಿಚ್ಚಿದಾಗ ಪಾತ್ರೆ ಇಡುವಷ್ಟರಲ್ಲಿ ತೋಳಿನ ತನಕ ಆಯಿಲ್. ಶಾಫ್ಟ್ ಸರಿಯಾಗಿದೆ.

ವಾಪಸ್ ಲೈನ್‌ಗೆ ವಾಲ್ವ್, ಟೈಮರ್ ಎರಡೂ ಹಾಕಿದೆ. ನಾಲ್ಕು ಬೆಳಿಗ್ಗೆ ಆಯಿತು, ಹೊಗೆ ಇಲ್ಲ. ಡಬ್ಬಿಗೆ ಇನ್ನೂ ಜಾಗ ಹುಡುಕುತ್ತಿದ್ದೇನೆ, ಆಕ್ಸಲ್ ಅಡ್ಡ ಬರುತ್ತಿದೆ. ನೀರಿನ ಬೋಲ್ಟ್ ಬಿಚ್ಚಿದಾಗ ಒಳಗೆ ಒಣಗಿತ್ತು ಸದ್ಯ. ಕೀ ತೆಗೆದ ಮೇಲೂ ಪಂಪ್ ಗುಂಯ್ ಅನ್ನುವುದಕ್ಕೆ ಮನೆಯವರು ಏನೋ ಆಫ್ ಮಾಡಲು ಮರೆತಿದ್ದೀರಿ ಅಂತ ದಿನಾ ಕೂಗುತ್ತಾರೆ.